ಗೋಡೆ ಬುಡದ ಪುದೀನ

ಮನೆ ಪಾಲಾದ ಮೇಲೆ ಅಣ್ಣ ಹಿತ್ತಿಲಿನ ನಡುವೆ ಗೋಡೆ ಎಬ್ಬಿಸಿ, ತಮ್ಮನ ಜೊತೆ ಮಾತು ಬಿಟ್ಟಿದ್ದ. ಈಗ ಅದೇ ಗೋಡೆಯ ಬುಡದಲ್ಲಿ, ತನ್ನ ಕಡೆ, ಪುದೀನ ತಲೆಯೆತ್ತಿದ್ದನ್ನು ಕಂಡು ಅವನ ಮೈ ಉರಿದುಹೋಯಿತು.

“ಪಾಲು ಕೊಟ್ಟಿದ್ದು ಸಾಲದಾಯ್ತೇನೋ ನಿನಗೆ? ಈಗ ಗಿಡ ಬೇರೆ ನುಗ್ಗಿಸ್ತೀಯಾ?” ಎಂದು ಗೋಡೆಯಾಚೆಗೆ ಕೇಳುವಂತೆ ಕೂಗಿದ. ಸಿಟ್ಟು ನೆತ್ತಿಗೇರಿ, ಕೈಗೆ ಸಿಕ್ಕಷ್ಟನ್ನೂ ಕಿತ್ತು ಆ ಕಡೆಗೇ ಎಸೆದ. ಕೆಲವೇ ದಿನಗಳಲ್ಲಿ ಮಣ್ಣಲ್ಲಿ ಮುರಿದುಳಿದ ಬೇರುಗಳೆಲ್ಲ ಚಿಗುರಿ, ಮೊದಲಿಗಿಂತ ದಟ್ಟವಾಗಿ ಹಬ್ಬಿಕೊಂಡವು.

ಪಾತ್ರೆ ತಿಕ್ಕುತ್ತಿದ್ದ ಹೆಂಡತಿ ಹೇಳಿದಳು: “ತುಳಸಿ, ದೊಡ್ಡಪತ್ರೆ ಆದ್ರೆ ನೆಟ್ಟ ಕಡೆ ಇರ್ತವೆ. ಪುದೀನ ಹಾಗಲ್ಲ, ಕಿತ್ತಷ್ಟೂ ಹಬ್ಬುತ್ತೆ ಕಣ್ರೀ. ಬಿಟ್ಬಿಡಿ.”

“ನೀನೇನು ಅವನ ಕಡೆ ಲಾಯರ್ರಾ? ಇದರ ಬುಡ ಎಲ್ಲಿದ್ರೂ ಹುಡುಕ್ತೀನಿ. ನೆಟ್ಟ ಕೈ ಮುರೀದೆ ಬಿಡಲ್ಲ!”

ಗುದ್ದಲಿ ತಂದು ಬೇರಿನ ಜಾಡು ಹಿಡಿದು ಅಗೆಯತೊಡಗಿದ. ಬೇರು ಗೋಡೆಯಾಚೆಯಿಂದ ಬಂದಿರಲಿಲ್ಲ. ಅವನದೇ ಹಿತ್ತಿಲಿನುದ್ದಕ್ಕೂ ಎಳೆದುಕೊಂಡು ಹೋಗಿ, ಅವನು ಎಂದೂ ಸುಳಿಯದ ಪಾತ್ರೆ ತಿಕ್ಕುವ ಕಲ್ಲಿನ ಹಿಂದೆ, ಪೊದೆಯಾಗಿ ಬೆಳೆದಿದ್ದ ತಾಯಿಗಿಡದ ಮುಂದೆ ತಂದು ನಿಲ್ಲಿಸಿತು.

“ಯಾರೇ ಇದನ್ನ ನೆಟ್ಟಿದ್ದು?” ಗುದ್ದಲಿ ಹಿಡಿದೇ ಹೆಂಡತಿಯತ್ತ ತಿರುಗಿದ.

ಅವಳು ಬೂದಿ ಮೆತ್ತಿದ ಬಲಗೈಯನ್ನು ತೊಳೆದುಕೊಂಡು ಅವನ ಮುಂದೆ ಚಾಚಿದಳು.

“ಮುರೀರಿ. ನೀವು ಗೋಡೆ ಎಬ್ಬಿಸಿದ ದಿನ, ಆಚೆಗೂ ಹಬ್ಬಲಿ ಅಂತ ನೆಟ್ಟಿದ್ದು ಇದೇ ಕೈ.”