ಇನ್ನೂರ ಮೂವತ್ತು ವೋಲ್ಟ್

ಎರಡು ಬಲ್ಬೂ ಒಂದೇ ಸಮ ಉರಿದವು. ಹೂವಮ್ಮನ ಎದೆ ಧಸಕ್ಕೆಂದಿತು.

ಒಂದು ಬಲ್ಬಿಗೆ ಕರೆಂಟು ನೇರವಾಗಿ ಗೋಡೆಯ ಪ್ಲಗ್ಗಿನಿಂದ ಬರುತ್ತಿತ್ತು. ಇನ್ನೊಂದಕ್ಕೆ, ಅವಳು, ಅವಳ ಅಣ್ಣ, ಒಬ್ಬ ಜೊತೆಗಾರ ಮೂವರೂ ಎರಡು ವರ್ಷ ಹೆಣಗಿ ಮಾಡಿದ ಸ್ಟೆಬಿಲೈಜರ್ ಪೆಟ್ಟಿಗೆಯ ಮೂಲಕ. ಹೊಸನಗರದ ಅವರ ರೇಡಿಯೋ ರಿಪೇರಿ ಅಂಗಡಿಯಲ್ಲಾಗಿದ್ದರೆ ಮೊದಲನೆಯದು ಬೀಡಿ ತುದಿಯ ಹಾಗೆ ಮಿಣುಕುತ್ತಿತ್ತು, ಪೆಟ್ಟಿಗೆಯ ಬಲ್ಬು ಮಾತ್ರ ಝಗ್ಗೆನ್ನುತ್ತಿತ್ತು. ನಾಡಿಗೆಲ್ಲ ಕರೆಂಟು ಕೊಡುವ ಲಿಂಗನಮಕ್ಕಿ ಅಣೆಕಟ್ಟು ಪಕ್ಕದಲ್ಲೇ ಇದ್ದರೇನು ಬಂತು, ದೀಪದ ಬುಡ ಕತ್ತಲೆ. ಆದರೆ ಸಾಗರದ ಈ ತಂತ್ರಜ್ಞಾನ ಸಮ್ಮೇಳನವನ್ನು ಉದ್ಘಾಟಿಸಲು ಬೆಳಿಗ್ಗೆ ಮಂತ್ರಿಗಳು ಬಂದಿದ್ದರು. ಮಂತ್ರಿಗಳು ಬಂದರೆ ಕರೆಂಟಿಗೂ ಎಲ್ಲಿಲ್ಲದ ಭಕ್ತಿ ಉಕ್ಕುತ್ತದೆ. ಗೋಡೆಯ ಕರೆಂಟು ಅಳೆಯಲು ಮೇಜಿನ ಮೇಲಿಟ್ಟಿದ್ದ ಮೀಟರಿನ ಮುಳ್ಳು ಇನ್ನೂರ ಮೂವತ್ತು ವೋಲ್ಟಿನ ಮೇಲೆ ಅಲ್ಲಾಡದೆ ಕೂತಿತ್ತು.

ಮೂರು ತಾಲ್ಲೂಕಿನ ಆಸ್ಪತ್ರೆಗಳ ಔಷಧಿ ಫ್ರಿಜ್ಜಿಗೆ ಯಾರ ಸ್ಟೆಬಿಲೈಜರ್ ಎಂದು ಆಯ್ಕೆ ಸಮಿತಿ ಸಂಜೆ ಪಟ್ಟಿ ಓದಿ ಹೇಳುವುದಿತ್ತು. ಪಟ್ಟಿಯಲ್ಲಿ ಹೆಸರು ಬರದಿದ್ದರೆ ಈ ಹುಚ್ಚು ಇಲ್ಲಿಗೇ ಸಾಕು, ಮತ್ತೆ ಬರೀ ರೇಡಿಯೋ ರಿಪೇರಿ ಎಂದು ಅಣ್ಣ ಧರ್ಮಪ್ಪ ಬರುವಾಗ ಬಸ್ಸಿನಲ್ಲೇ ಹೇಳಿಬಿಟ್ಟಿದ್ದ. ಒಳಗಿನ ತಾಮ್ರದ ತಂತಿಯನ್ನು ಒಂದೊಂದೇ ಸುತ್ತು ಎಣಿಸಿ ಸುತ್ತಿದವಳು ಹೂವಮ್ಮ. ಹುಚ್ಚು ಎಂದರೆ ಅವಳಿಗೆ ಉರಿಯದೆ ಇರುತ್ತದೆಯೇ?

ಸಮಿತಿಯ ಅಧ್ಯಕ್ಷರು ಉಮಾಮಹೇಶ್ವರ ಎಂಬ ರಿಟೈರ್ಡ್ ಇಂಜಿನಿಯರು. ಕನ್ನಡಕ ಮೇಲೇರಿಸಿ ಬಲ್ಬು ನೋಡಿದರು, ಪೆಟ್ಟಿಗೆ ನೋಡಿದರು. "ಎರಡೂ ಒಂದೇ ಥರ ಉರೀತಿದೆಯಲ್ಲಮ್ಮ. ನಿಮ್ಮ ಪೆಟ್ಟಿಗೆ ಮಾಡ್ತಿರೋದೇನು?"

ಸಭೆ ಗೊಳ್ಳೆಂದಿತು. ಡಿಪ್ಲೊಮಾ ಓದಿದ ಜೊತೆಗಾರ ಗಣೇಶಮೂರ್ತಿ, ಉರು ಹೊಡೆದು ತಂದಿದ್ದ ಇಂಗ್ಲಿಷ್ ಭಾಷಣದ ಎರಡನೇ ಸಾಲಿನಲ್ಲೇ ಕಕ್ಕಾಬಿಕ್ಕಿಯಾಗಿ ನಿಂತ. "ಪ್ಲಗ್ ತೆಗೀರಿ, ಮುಂದಿನವರು ಬರ್ಲಿ," ಎಂದರು ಅಧ್ಯಕ್ಷರು. ಮುಂದಿನವರು ಬೆಂಗಳೂರಿನ ಎರಡು ಕಂಪನಿಯವರು. ಬಣ್ಣದ ಪುಸ್ತಕ ಹಂಚಿದರು, ಚೆಂದ ಮಾತಾಡಿದರು, ಊಟವಾದದ್ದೇ ಪೆಟ್ಟಿಗೆ ಕಟ್ಟಿಕೊಂಡು ಹೊರಟೂ ಹೋದರು.

ಹೂವಮ್ಮ ತಮ್ಮ ಮೇಜನ್ನು ಮೂಲೆಗೆ ಎಳೆದುಕೊಂಡು ಎರಡು ಬಲ್ಬಿನ ತಂತಿಯನ್ನೂ ಅಲ್ಲಿದ್ದ ಪ್ಲಗ್ಗಿಗೆ ಮತ್ತೆ ಸಿಕ್ಕಿಸಿದಳು. ಬ್ಯಾಡ್ಜು ಸಿಕ್ಕಿಸಿಕೊಂಡ ಕಾರ್ಯಕರ್ತರು ಮೂರು ಸಲ ಬಂದು ತೆಗೀರಿ ಎಂದು ಗದರಿದರು. ಎಮ್ಮೆ ಮೇಲೆ ಮಳೆ ಸುರಿದ ಹಾಗಾಯಿತು. ಧರ್ಮಪ್ಪನಿಗೆ ತಲೆ ಎತ್ತಲಾಗದಷ್ಟು ನಾಚಿಕೆ. ಮರ್ಯಾದೆ ಹೋಗಿದ್ದು ಸಾಕು, ನಾಲ್ಕರ ಬಸ್ಸು ಹಿಡಿಯೋಣ ಬಾರೆ ಎಂದು ಗೋಗರೆದ.

"ಬಸ್ಸು ನಾಳೆನೂ ಇರ್ತದೆ ಅಣ್ಣ," ಎಂದಳು ಅವಳು. "ಮಂತ್ರಿ ಹೋದ್ರಲ್ಲ. ಇನ್ನು ಕರೆಂಟಿಗೆ ಯಾರ ಹೆದರಿಕೆ? ಒಂಚೂರು ಕತ್ತಲಾಗ್ಲಿ."

ನಾಲ್ಕರ ಬಸ್ಸು ಹೋಯಿತು. ಐದೂವರೆಯದೂ ಹೋಯಿತು. ಭಾಷಣಗಳು ಮುಗಿಯಲಿಲ್ಲ, ಬೆಳಗಿನ ಉಪ್ಪಿಟ್ಟಿನ ಮೇಲೆ ಏನೂ ತಿನ್ನದ ಗಣೇಶಮೂರ್ತಿಯ ಹೊಟ್ಟೆ ಚುರುಗುಟ್ಟುತ್ತಿತ್ತು. ಹೂವಮ್ಮ ಮಾತ್ರ ಮೀಟರಿನ ಮೇಲಿಂದ ಕಣ್ಣು ತೆಗೆಯಲಿಲ್ಲ. ಆರೂವರೆಗೆ ಸಾಗರದ ಬೀದಿದೀಪಗಳು ಹತ್ತಿದವು. ಮುಳ್ಳು ಜಾರತೊಡಗಿತು. ಇನ್ನೂರು, ನೂರ ಎಂಬತ್ತು, ನೂರ ಐವತ್ತು. ಫ್ಯಾನುಗಳು ತೂಕಡಿಸಿದವು, ಟ್ಯೂಬ್‌ಲೈಟುಗಳು ಪಟಪಟನೆ ಮಿಟುಕಿ ಆರಿದವು, ಪಟ್ಟಿ ಓದಲು ಎದ್ದಿದ್ದ ಅಧ್ಯಕ್ಷರ ಕೈಯಲ್ಲಿದ್ದ ಮೈಕು ಒಂದು ಸಲ ಗೊರಗುಟ್ಟಿ ಸುಮ್ಮನಾಯಿತು. ಅವರು ಪಟ್ಟಿಯನ್ನು ಮೂಗಿನ ಹತ್ತಿರ ಹಿಡಿದರೂ ಅಕ್ಷರ ಕಾಣಲಿಲ್ಲ.

ಮೂಲೆಯಲ್ಲಿ ಒಂದು ಬಲ್ಬು ಕೆಂಪಗೆ ಮಿಣುಕುತ್ತಿತ್ತು. ಪಕ್ಕದ ಇನ್ನೊಂದು ಬೆಳ್ಳಗೆ ಉರಿಯುತ್ತಿತ್ತು.

ಉಮಾಮಹೇಶ್ವರ ವೇದಿಕೆ ಇಳಿದು ಬಂದು ಆ ಬೆಳಕಿನಡಿ ನಿಂತರು. ಪಟ್ಟಿ ಓದಿದರು. ಮೊದಲ ಹೆಸರು ಬೆಂಗಳೂರಿನದು, ಎರಡನೆಯದೂ ಬೆಂಗಳೂರಿನದು. ಪಟ್ಟಿ ಅಲ್ಲಿಗೆ ಮುಗಿಯಿತು. ಚಪ್ಪಾಳೆ ಬೀಳಲಿಲ್ಲ. ಸಭೆಯವರೆಲ್ಲ ಬಲ್ಬನ್ನೇ ನೋಡುತ್ತಿದ್ದರು.

ಹೂವಮ್ಮ ಪ್ಲಗ್ಗಿನ ಮೇಲೆ ಕೈಯಿಟ್ಟಳು.

"ಬೆಳಿಗ್ಗೆ ತೆಗೀರಿ ಅಂದಿದ್ರಿ ಸಾರ್. ಈಗ ತೆಗೀಲಾ?"