ಡುಮ್ಮನ ಶುಗರ್

ದೀಪಶ್ರೀ ಸಿರಿಂಜಿಗೆ ಒಂದು ಯೂನಿಟ್ ಇನ್ಸುಲಿನ್ ಎಳೆದು ತಟ್ಟೆಯ ಮೇಲಿಟ್ಟಳು. ಬೆಕ್ಕು ಡುಮ್ಮ ಹಿತ್ತಲ ಬಾಗಿಲಲ್ಲಿ ಬಿಸಿಲಿಗೆ ಹೊಟ್ಟೆ ಕೊಟ್ಟು ಮಲಗಿತ್ತು. ಚುಚ್ಚುವ ಮುಂಚೆ ತಪ್ಪದೆ ಒಂದು ಸಲ ಶುಗರ್ ನೋಡಿ ಎಂದು ಕಡೂರಿನ ಪಶುವೈದ್ಯ ರುದ್ರಮೂರ್ತಿ ಫೋನಿನಲ್ಲಿ ಎರಡೆರಡು ಬಾರಿ ಹೇಳಿದ್ದರು. ಅವಳು ಕಿವಿಯ ಅಂಚಿಗೆ ಸೂಜಿ ತಾಗಿಸಿ, ಸಾಸಿವೆಯಷ್ಟು ರಕ್ತವನ್ನು ಮಿಷನ್ನಿನ ಪಟ್ಟಿಗೆ ಮುಟ್ಟಿಸಿದಳು.

ತೊಂಬತ್ತೆಂಟು.

ಮಿಷನ್ನನ್ನು ಬೆಳಕಿಗೆ ಹಿಡಿದು ಮತ್ತೆ ನೋಡಿದಳು. ತೊಂಬತ್ತೆಂಟೇ. ಪಕ್ಕದಲ್ಲಿದ್ದ ಪುಸ್ತಕದಲ್ಲಿ ಅತ್ತೆ ಕಮಲಾಕ್ಷಮ್ಮ ದುಂಡಗೆ ಬರೆದಿಟ್ಟ ಆರು ದಿನಗಳ ಅಂಕಿಗಳಿದ್ದವು. ಸೋಮವಾರ 286. ಮಂಗಳವಾರ 301. ನಿನ್ನೆ, ಶನಿವಾರ, 312.

ಬೆಕ್ಕಿಗೂ ಶುಗರ್ ಬರುತ್ತದೆಂದು ಅವಳಿಗೆ ತಿಳಿದದ್ದೇ ಹೋದ ತಿಂಗಳು. “ಸಾಮಾನ್ಯವಾಗಿ ಇನ್ಸುಲಿನ್ ಬೇಕೇ ಬೇಕಾಗುತ್ತೆ. ಇದಕ್ಕೆ ಈಗಷ್ಟೇ ಶುರುವಾಗಿದೆ. ಅನ್ನ, ಹಾಲು, ಬ್ರೆಡ್ಡು ಪೂರ್ತಿ ನಿಲ್ಲಿಸಿ, ಬರೀ ಮೊಟ್ಟೆ, ಮೀನು, ಕೋಳಿ ಕೊಡಿ. ಇಳಿದರೆ ಸೂಜಿ ಬೇಡ,” ಎಂದಿದ್ದರು ಡಾಕ್ಟರು. ಮೊಟ್ಟೆಯನ್ನೇ ಮುಟ್ಟದ ಮನೆಯ ಹಿತ್ತಲಿಗೆ ಬೇರೆ ಒಲೆ ಬಂತು. ಮೂರು ವಾರ ಕಳೆದ ಮೇಲೆ ದಿನಾ ಬೆಳಿಗ್ಗೆ ಹನ್ನೊಂದಕ್ಕೆ ಶುಗರ್ ನೋಡಿ ಬರೆದಿಡಬೇಕಿತ್ತು. ಆ ಹೊತ್ತಿಗೆ ದೀಪಶ್ರೀ ಯಗಟಿಯ ಶಾಲೆಯಲ್ಲಿ ಬಿಸಿಯೂಟದ ಸಾಂಬಾರಿಗೆ ಸೌಟು ಹಾಕಿ ನಿಂತಿರುತ್ತಿದ್ದಳು. ಹಾಗಾಗಿ ಅತ್ತೆಗೆ ಮಿಷನ್ನು ಕಲಿಸಿಕೊಟ್ಟಿದ್ದಳು.

ಅವಳಿಗೆ ಈ ಆರು ದಿನವೂ ಬಿಡಿಸಲಾಗದ ಗೊಂದಲ. ಡುಮ್ಮ ಮೊದಲಿನಂತೆ ನೀರಿನ ಬಟ್ಟಲು ಖಾಲಿ ಮಾಡುತ್ತಿರಲಿಲ್ಲ. ಒಂದೇ ನೆಗೆತಕ್ಕೆ ಅಟ್ಟ ಹತ್ತುತ್ತಿತ್ತು. ಬೆನ್ನು ತುಂಬಿಕೊಂಡಿತ್ತು. ಪುಸ್ತಕದೊಳಗೆ ಮಾತ್ರ ಅದರ ಕಾಯಿಲೆ ಏರುತ್ತಲೇ ಇತ್ತು. ಕಣ್ಣನ್ನು ನಂಬಬೇಕೋ ಅಂಕಿಯನ್ನೋ? ಕೊನೆಗೆ ಅಂಕಿಯನ್ನೇ ನಂಬಿ, ಡಾಕ್ಟರಿಗೂ ಫೋನಿನಲ್ಲಿ ಓದಿ ಹೇಳಿ, ನಿನ್ನೆ ಸಂಜೆ ಇನ್ಸುಲಿನ್ ತಂದಿದ್ದಳು.

“ಅತ್ತೆ, ಇಲ್ನೋಡಿ, ತೊಂಬತ್ತೆಂಟು ತೋರಿಸ್ತಿದೆ.”

ರಾಗಿ ಹಸನು ಮಾಡುತ್ತಿದ್ದ ಕಮಲಾಕ್ಷಮ್ಮ ಮೊರದಿಂದ ತಲೆಯೆತ್ತಲಿಲ್ಲ. “ಆ ಮಿಷನ್ ಸರಿಯಿಲ್ಲ ಕಣೇ. ಎತ್ತಿ ಬಿಸಾಕು ಅತ್ಲಾಗೆ.”

“ಬಿಸಾಕಿ ಯಾವುದನ್ನ ನೋಡಿ ಚುಚ್ಚಲಿ? ನಿನ್ನೆ ಮುನ್ನೂರ ಹನ್ನೆರಡು, ಇವತ್ತು ನೂರೂ ಇಲ್ಲ. ಕಮ್ಮಿ ಇದ್ದಾಗ ಈ ಔಷಧಿ ಹೋದ್ರೆ ಅದು ಮಲಗಿದ್ದು ಏಳೋದೇ ಇಲ್ವಂತೆ.”

“ಏಳದಿಲ್ಲ ಅಂದ್ರೆ?”

“ಅಂದ್ರೆ ಸತ್ತೇ ಹೋಗುತ್ತೆ, ಅತ್ತೆ.”

ಮೊರ ನಿಂತಿತು.

ದೀಪಶ್ರೀ ಇನ್ನೊಂದು ಪಟ್ಟಿ ಹಾಕಿ ಡುಮ್ಮನ ಇನ್ನೊಂದು ಕಿವಿಗೆ ಚುಚ್ಚಿದಳು. ನೂರ ಒಂದು. ತನ್ನ ಬೆರಳಿಗೇ ಚುಚ್ಚಿಕೊಂಡಳು. ತೊಂಬತ್ತನಾಲ್ಕು. ಹೋದ ವಾರ ಶಾಲೆಯ ಆರೋಗ್ಯ ತಪಾಸಣೆಯಲ್ಲೂ ಅವಳಿಗೆ ಹೆಚ್ಚುಕಡಿಮೆ ಅಷ್ಟೇ ಬಂದಿತ್ತು.

“ಮಿಷನ್ ಸರಿಯಾಗೇ ಇದೆ. ಎಲ್ಲಿ, ನಿಮ್ಮದೂ ಒಂದ್ಸಲ ನೋಡೇಬಿಡೋಣ. ಕೈ ಕೊಡಿ.”

ಅತ್ತೆಯ ಎಡಗೈ ಮೆಲ್ಲಗೆ ಸೆರಗಿನೊಳಕ್ಕೆ ಸರಿಯಿತು. “ನನ್ದ್ಯಾಕೆ? ನಂಗೇನ್ ಬಂದಿರೋದು? ಈಗಲೂ ಎರಡು ಮುದ್ದೆ ಉಂಡು ಕರಗಿಸ್ತೀನಿ. ನಿನ್ ಗಂಡನ್ನ ಕೇಳು.”

“ಉಂಡಿದ್ದು ಸಾಕು, ಕೊಡಿ ಅತ್ತೆ.”

ಅವಳು ನಗುತ್ತಲೇ ಆ ಕೈಯನ್ನು ಹೊರಗೆಳೆದಳು. ಬೆರಳ ತುದಿಗಳಲ್ಲಿ ಗಸಗಸೆಯಂಥ ಕಪ್ಪು ಚುಕ್ಕೆಗಳಿದ್ದವು. ಎಣಿಸಿದಳು. ಆರು. ಅವಳ ನಗು ನಿಂತುಹೋಯಿತು.

“ಏನತ್ತೆ ಇದು?”

ಕಮಲಾಕ್ಷಮ್ಮ ಸೊಸೆಯ ಮುಖ ನೋಡದೆ ಬೆಕ್ಕಿನ ಕಡೆ ನೋಡಿದರು. “ಸೋಮವಾರ ಅದರ ಕಿವಿ ಹಿಡ್ಕಂಡೆ ಕಣವ್ವ. ಪರಚಿ ಓಡೋಗಿದ್ರೆ ಸಿಟ್ಟಿಗಾದ್ರೂ ಹಿಡ್ದು ಚುಚ್ತಿದ್ದೆ. ಅದು ಓಡ್ಲಿಲ್ಲ. ಏನೋ ತಿನ್ನಕ್ಕೆ ಕೊಡ್ತಾಳೆ ಅಂತ ನಾಲ್ಗೆ ಚಪ್ಪರಿಸ್ಕಂಡು ಕೂತ್ಕಂತು. ಕೈ ಬರ್ಲಿಲ್ಲ. ಸಾಯಂಕಾಲ ನೀನು ಬಂದು ಪುಸ್ತಕ ಕೇಳ್ತೀಯ. ನಂಗ್ಯಾವ ಕಾಯಿಲೆ ಇದೆ, ನನ್ ರಕ್ತ ಹಾಕಿದ್ರೆ ಒಳ್ಳೇ ನಂಬರೇ ಬರುತ್ತೆ, ಅದಕ್ಕೂ ಇನ್ಸುಲಿನ್ ತಪ್ಪುತ್ತೆ ಅಂದ್ಕಂಡೆ. ನೋಡಿದ್ರೆ ದಿನಾ ಮುನ್ನೂರು, ಮುನ್ನೂರು! ಮಿಷನ್ನೇ ಕೆಟ್ಟಿದೆ ಅಂತ ಸುಮ್ನಾದೆ.”

ದೀಪಶ್ರೀ ಎದ್ದು ಹೋಗಿ ಸಿರಿಂಜಿನಲ್ಲಿದ್ದುದನ್ನು ಬಚ್ಚಲಿಗೆ ಚೆಲ್ಲಿ ಬಂದಳು.

“ಅಂದ್ರೆ ಡುಮ್ಮಂಗೆ ವಾಸಿಯಾಯ್ತಾ?” ಅತ್ತೆ ಕೇಳಿದರು.

“ಡಾಕ್ಟ್ರು ನೋಡ್ಬೇಕು. ಆದ್ರೆ ಹಂಗೇ ಕಾಣುತ್ತೆ.”

“ಅಯ್ಯೋ ನನ್ನಪ್ಪನೇ!” ಕಮಲಾಕ್ಷಮ್ಮ ಬೆಕ್ಕನ್ನು ಬಾಚಿ ಮಡಿಲಿಗೆ ಹಾಕಿಕೊಂಡರು. ಮುಖ ಅರಳಿತ್ತು. “ನೋಡ್ದಾ, ಸೂಜಿ ಇಲ್ದೇನೇ ಗೆದ್ಬಿಡ್ತು ನಮ್ ಹುಡುಗ. ಮಧ್ಯಾಹ್ನಕ್ಕೆ ಒಂದಿಷ್ಟು ಪಾಯಸ ಮಾಡು ಕಣೇ. ಬೆಲ್ಲ ಮುಂದಾಗಿರ್ಲಿ.”

ದೀಪಶ್ರೀ ಪುಸ್ತಕದ ಆ ಹಾಳೆಯನ್ನೇ ನೋಡುತ್ತ ನಿಂತಿದ್ದಳು. ಡುಮ್ಮನಿಗೆ ವಾಸಿಯಾಗಿತ್ತು, ಸಂತೋಷಪಡಬೇಕು. ಮಿಷನ್ನು ಕೆಟ್ಟಿರಲಿಲ್ಲ. ಮಾತನ್ನು ಎಲ್ಲಿಂದ ಶುರುಮಾಡಬೇಕೆಂದು ತಿಳಿಯದೆ ಅವಳು 286ರಿಂದ 312ರವರೆಗೆ ಬೆರಳಿಟ್ಟು ಒಂದೊಂದನ್ನೇ ಓದಿದಳು.

ಅತ್ತೆಗೆ ಅದು ಬೇರೆಯಾಗಿ ಕಂಡಿತು.

“ಹಂಗ್ಯಾಕೆ ನೋಡ್ತೀಯ?” ಎಂದರು, ಸ್ವಲ್ಪ ನೊಂದುಕೊಂಡೇ. “ರಕ್ತ ನನ್ದಾದ್ರೂ ನಂಬರ್ ಸುಳ್ಳು ಬರ್ದಿಲ್ಲ ಕಣವ್ವ ನಾನು. ಎಲ್ಲಾ ನಿಜಾನೇ.”