ಮೊದಲು ಬಂದ ಗಾಡಿ

“ಆ ಎತ್ತಿನ ಬಂಡ್ಯಾಗ ಹೋದ್ರ ಮಂಗಳಾರತಿ ತಪ್ಪತದ. ಹತ್ತು ಇದರಾಗ,” ಎಂದು ವೆಂಕಣ್ಣ ಹೆಂಡತಿಗಾಗಿ ತನ್ನ ಹಳೆಯ ಕಾಂಟೆಸ್ಸಾ ಕಾರಿನ ಹಿಂಬಾಗಿಲು ತೆರೆದ. ಬೈಲಹೊಂಗಲದ ಮನೆಯ ಮುಂದೆ ಮಗ ಭಾರ್ಗವ ಹೊಸ ಕ್ವಾಲಿಸ್ ಕಾರು ನಿಲ್ಲಿಸಿದ್ದ; ಎತ್ತಿನ ಬಂಡಿ ಎಂದದ್ದು ಅದಕ್ಕೇ. ಸೀಟು ಎತ್ತರ, ತಾಯಿಗೆ ಅದೇ ಅನುಕೂಲ ಎಂದು ಅವನು ಹೇಳಿದ್ದೇ ತಡ, ಅಪ್ಪನ ಸಿಟ್ಟು ನೆತ್ತಿಗೇರಿತ್ತು. ಹಳೆಯದಾದರೇನು, ಈ ಗಾಡಿಯನ್ನು ಹಿಂದೆ ಹಾಕಿದ ಮಗ ಈ ತಾಲ್ಲೂಕಿನಲ್ಲಿ ಹುಟ್ಟಿಲ್ಲ ಎಂದು ಓಣಿಗೆಲ್ಲ ಕೇಳುವಂತೆ ಕೂಗಾಡಿದ್ದ.

ಲೀಲಾಬಾಯಿ ಮಡಿಯಲ್ಲಿದ್ದಳು. ಮಡಿಯಲ್ಲಿಲ್ಲದ ಯಾರೂ ಅವಳನ್ನು ಮುಟ್ಟುವಂತಿರಲಿಲ್ಲ. ಮೊಮ್ಮಗಳು ಶ್ರದ್ಧಾಳ ಜ್ವರ ಬಿಟ್ಟರೆ ಮಡಿಯಲ್ಲೇ ನೈವೇದ್ಯ ಮಾಡಿ, ಮುನವಳ್ಳಿಯ ಹೊಳೆದಂಡೆಯ ಗುಡಿಯಲ್ಲಿ ಆರತಿಗೆ ಮುಂಚೆ ತನ್ನ ಕೈಯಾರೆ ಇಡುತ್ತೇನೆಂದು ಹರಕೆ ಹೊತ್ತಿದ್ದಳು. ಮಡಿ ಕೆಡದಂತೆ ಸೀಟಿನ ಮೇಲೆ ಉಣ್ಣೆಯ ಧಾಬಳಿ ಹಾಸಿ, ನೈವೇದ್ಯದ ಡಬರಿ ತೊಡೆಯ ಮೇಲಿಟ್ಟುಕೊಂಡು ಕುಳಿತಳು.

ವೆಂಕಣ್ಣ ಗಾಡಿ ಹಾರಿಸಿದ. ಕಬ್ಬಿನ ಟ್ರ್ಯಾಕ್ಟರುಗಳೆಲ್ಲ ಹಿಂದೆ ಬಿದ್ದವು. ಹೆಂಡತಿ, ಮಗಳನ್ನು ಕೂರಿಸಿಕೊಂಡು ಬರುತ್ತಿದ್ದ ಭಾರ್ಗವನ ಕ್ವಾಲಿಸ್ ಕನ್ನಡಿಯಲ್ಲಿ ಚಿಕ್ಕದಾಗುತ್ತ ಮಾಯವಾಯಿತು. ಗುಡಿಯ ಮುಂದೆ ನಿಂತಾಗ ಆರತಿಗೆ ಇನ್ನೂ ವೇಳೆಯಿತ್ತು. ಮಗ ಎಲ್ಲೋ ಟ್ರ್ಯಾಕ್ಟರಿನ ಹೊಗೆ ಕುಡಿಯುತ್ತಿರಬೇಕು ಎಂದು ವೆಂಕಣ್ಣ ನಕ್ಕ.

ಲೀಲಾಬಾಯಿ ಇಳಿಯಲಿಲ್ಲ. ಕಾಲು ಹೊರಗಿಟ್ಟು, ಡಬರಿ ಸಂಭಾಳಿಸುತ್ತ ಏಳಲು ನೋಡಿದಳು, ಮತ್ತೆ ಕುಸಿದಳು. ಸೀಟು ಅಷ್ಟು ತಗ್ಗು. ಮೊಣಕಾಲು ಮಾತು ಕೇಳಲಿಲ್ಲ.

“ಏನಾತು? ಇಳಿ.”

“ಏಳ್ಲಿಕ್ಕೆ ಬರವಲ್ದು.”

“ದಿನಾ ಹೆಂಗ ಏಳತಿದ್ದಿ?”

“ದಿನಾ ಸೊಸಿ ಎಬ್ಬಿಸತಾಳ. ನೀವು ಕೀಲಿ ತಿರುವಿಕೋತ ಮುಂದ ಹೋಗಿರತೀರಿ.”

ವೆಂಕಣ್ಣ ಕೈ ಚಾಚಿದ. ಅವಳು ಹಿಂದೆ ಸರಿದಳು. “ಮುಟ್ಟಬ್ಯಾಡ್ರಿ. ಮಡಿ ಕೆಟ್ರ ಹರಕಿ ಹೋತು.”

ಒಳಗೆ ಅರ್ಚಕರು ಆರತಿಯ ಬತ್ತಿ ಹಚ್ಚುತ್ತಿದ್ದರು. ಗುಡಿಗೆ ಬಂದವರು ಕಾರಿನ ಕಡೆ ತಿರುಗಿ ನೋಡತೊಡಗಿದರು. ವೆಂಕಣ್ಣ ಅವರನ್ನೊಮ್ಮೆ ದುರುಗುಟ್ಟಿ ನೋಡಿದ. ಮರುಕ್ಷಣ ಚಪ್ಪಲಿ ಬಿಟ್ಟು ಹೊಳೆಗೆ ಓಡಿ, ಅಂಗಿ ಪ್ಯಾಂಟಿನ ಸಮೇತ ಮುಳುಗಿದ. ಮಿಂದ ಒದ್ದೆ ಬಟ್ಟೆಯಲ್ಲಿ ಮುಟ್ಟಿದರೆ ಮಡಿ ಕೆಡುವುದಿಲ್ಲ. ನೀರು ಸುರಿಸುತ್ತ ಮೆಟ್ಟಿಲು ಹತ್ತುವಾಗ ಆರತಿಯ ಗಂಟೆ ಮೊಳಗತೊಡಗಿತು. ಅವನು ಗಾಡಿಯ ಹತ್ತಿರ ಬರುವಷ್ಟರಲ್ಲಿ ಗಂಟೆ ನಿಂತಿತು.

ಏದುಸಿರು ಬಿಡುತ್ತ, ಅಷ್ಟೂ ಜನರೆದುರಿಗೆ ಹೆಂಡತಿಯ ರಟ್ಟೆ ಹಿಡಿದು ಜಗ್ಗಿದ.

“ಆರತಿ ಮುಗೀತು,” ಎಂದಳು ಲೀಲಾಬಾಯಿ. “ಈಗೇನೂ ಅವಸರ ಇಲ್ಲ. ಸಾವಕಾಶ ಎಬ್ಬಿಸ್ರಿ.”